ಒಂದು ಸಂಸ್ಥೆ ಗ್ರೇಡ್ ಕೊಟ್ಟ ಕ್ರಿಕೆಟ್ ಕಾರ್ಡನ್ನು ಕಲಬುರಗಿಯಿಂದ ಇನ್ನೊಂದು ಸಂಸ್ಥೆಗೆ ಕಳುಹಿಸಬಹುದೇ?

ಕಳುಹಿಸಬಹುದು. ತಮ್ಮ ಬಳಿ ಇರುವುದು ಬೆಕೆಟ್ ಎಂಬ ಸಂಸ್ಥೆ ಸ್ಥಿತಿಯನ್ನು ಪರೀಕ್ಷಿಸಿ 10ಕ್ಕೆ 9 ಗ್ರೇಡು ಕೊಟ್ಟು ಪ್ಲಾಸ್ಟಿಕ್ ಕವಚದಲ್ಲಿ ಭದ್ರವಾಗಿ ಮುಚ್ಚಿದ ಕಾರ್ಡು ಮತ್ತು ಅದನ್ನು ಪಿಎಸ್‌ಎ ಎಂಬ ಇನ್ನೊಂದು ಗ್ರೇಡಿಂಗ್ ಸಂಸ್ಥೆಯ ಕವಚಕ್ಕೆ ಬದಲಿಸಬೇಕೆಂದಿದ್ದೀರಿ. ಇದಕ್ಕೆ ಕ್ರಾಸ್‌ಓವರ್ ಎಂಬ ಸೇವೆಯೇ ಇದೆ.

ಕಾರ್ಡನ್ನು ಹಳೆಯ ಕವಚದಲ್ಲಿಯೇ ಕಳುಹಿಸಿ, ಅರ್ಜಿಯಲ್ಲಿ ಕನಿಷ್ಠ ಗ್ರೇಡನ್ನು ನಮೂದಿಸಿದರೆ, ಪರೀಕ್ಷಕರು ಕವಚದ ಮೂಲಕವೇ ನೋಡಿ, ಕಾರ್ಡು ಆ ಮಟ್ಟ ಮುಟ್ಟುವುದೆಂದು ಕಂಡಾಗ ಮಾತ್ರ ಕವಚವನ್ನು ಒಡೆಯುತ್ತಾರೆ. ಮುಟ್ಟದಿದ್ದರೆ ಕಾರ್ಡು ಇದ್ದ ಹಾಗೆಯೇ ಹಿಂದಿರುಗುತ್ತದೆ, ಆದರೆ ಶುಲ್ಕ ಹಿಂದಿರುಗುವುದಿಲ್ಲ. ಮನೆಯಲ್ಲಿ ಕವಚ ಒಡೆದು ಕಳುಹಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ: ಹಳೆಯ ಗ್ರೇಡು ಆ ಕ್ಷಣವೇ ಹೋಗುತ್ತದೆ, ಇಕ್ಕಳ ಜಾರಿದರೆ ಮೂಲೆಯೂ ಹೋಗುತ್ತದೆ.

ಮೊದಲು ಬೆಕೆಟ್ ಲೇಬಲ್ಲಿನ ಉಪಗ್ರೇಡುಗಳನ್ನು ಓದಿರಿ. ಚಿತ್ರದ ಕೇಂದ್ರೀಕರಣ, ಮೂಲೆ, ಅಂಚು, ಮೇಲ್ಮೈ ಈ ನಾಲ್ಕರಲ್ಲಿ ಮೂರು 9.5 ಇದ್ದು ಮೂಲೆಗೆ ಮಾತ್ರ 8.5 ಬಿದ್ದಿದ್ದರೆ, ಆ ಸವೆತ ಪಿಎಸ್‌ಎ ಪರೀಕ್ಷಕರ ಕಣ್ಣಿಗೂ ಬೀಳುವುದರಿಂದ 10ರ ಆಸೆ ಇಟ್ಟುಕೊಳ್ಳಬೇಡಿ. ಅದೇ ಕಾರ್ಡು ಪಿಎಸ್‌ಎ 9ರಲ್ಲಿ ಇತ್ತೀಚೆಗೆ ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಿ, ಬೆಕೆಟ್ 9ರ ಬೆಲೆಯೊಂದಿಗಿನ ವ್ಯತ್ಯಾಸವು ಶುಲ್ಕ, ವಿಮೆ ಮತ್ತು ಎರಡೂ ಕಡೆಯ ಕೊರಿಯರ್ ಖರ್ಚನ್ನು ಮೀರಿದರೆ ಮಾತ್ರ ಮುಂದುವರಿಯಿರಿ.

ಪಿಎಸ್‌ಎ ಅಮೆರಿಕದ ಸಂಸ್ಥೆಯಾದ್ದರಿಂದ, ಕಾರ್ಡು ವಾಪಸು ಬರುವಾಗ ಅದನ್ನು ಹೊಸ ಆಮದೆಂದು ತಿಳಿದು ಕಸ್ಟಮ್ಸ್ ಸುಂಕ ಹಾಕುವ ಸಂಭವವಿದೆ. ಕಳುಹಿಸುವಾಗಲೇ ಕೊರಿಯರ್ ಕಚೇರಿಯಲ್ಲಿ ಮರಳಿ ಬರುವ ವಸ್ತುವೆಂದು ದಾಖಲೆ ಮಾಡಿಸಿ, ಲೇಬಲ್ಲಿನ ಸಂಖ್ಯೆ ಸ್ಪಷ್ಟವಾಗಿ ಕಾಣುವಂತೆ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ.