ಹಸುಗಳಿರುವ ಮನೆಯಲ್ಲಿ ರಜೆಯ ಒಂದು ವಾರ

ಮೂರು ಕುಟುಂಬಗಳ 11 ಮಂದಿ ಸೇರಿ ದಸರಾ ರಜೆಯ ಒಂದು ವಾರವನ್ನು ಹೈನುಗಾರಿಕೆ ಮಾಡುವ ಬಂಧುಗಳ ಮನೆಯಲ್ಲಿ ಕಳೆಯಬೇಕೆಂದಿದ್ದೀರಿ. ಪೇಟೆಯ ಮಕ್ಕಳಿಗೆ ಬೇಸರವಾಗುತ್ತದೆಯೇ, ಆ ಮನೆಯವರಿಗೆ ತೊಂದರೆಯಾಗುತ್ತದೆಯೇ, ಇದಕ್ಕಿಂತ ಎರಡು ದಿನ ಯಾವುದಾದರೂ ಹೋಂಸ್ಟೇಗೆ ಹೋಗಿಬರುವುದು ಲೇಸೇ ಎಂದು ಕೇಳಿದ್ದೀರಿ. ಮಕ್ಕಳಿಗೆ ಬೇಸರವಾಗುವುದಿಲ್ಲ. ಮನೆಯವರಿಗೆ ತೊಂದರೆ ಖಂಡಿತ ಆಗುತ್ತದೆ, ಅದರಲ್ಲೂ ಆ ಮನೆಯ ಹೆಂಗಸಿಗೆ. ಆ ತೊಂದರೆಯನ್ನು ಹೇಗೆ ಹಂಚಿಕೊಳ್ಳುವಿರಿ ಎಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಿಕೊಂಡರೆ ಹೋಗಿ, ಇಲ್ಲವಾದರೆ ಹೋಂಸ್ಟೇಯೇ ವಾಸಿ. ಎರಡು ವರ್ಷಗಳ ಹಿಂದೆ ನಾವು 12 ಮಂದಿ ಹೀಗೆಯೇ ಹೋಗಿದ್ದೆವು. ನಾವು ಮಾಡಿದ ತಪ್ಪುಗಳನ್ನೂ ಸೇರಿಸಿಯೇ ಹೇಳುತ್ತೇನೆ.

ನಾವು ಹೋದದ್ದು ನನ್ನ ತವರಿಗೆ. ಅದು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಸಣ್ಣ ಊರು. ಅಣ್ಣ ಮತ್ತು ಅತ್ತಿಗೆ ತೆಂಗು, ರಾಗಿಯ ಜೊತೆಗೆ 14 ರಾಸುಗಳನ್ನು ಸಾಕಿದ್ದಾರೆ. ಅವುಗಳಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ಹಾಲಿನ ತಳಿ) ಮಿಶ್ರತಳಿಯ 9 ಹಸುಗಳು ಆಗ ಹಾಲು ಕೊಡುತ್ತಿದ್ದವು; ಎರಡು ಹೊತ್ತಿನದೂ ಸೇರಿ ದಿನಕ್ಕೆ ನೂರು ಲೀಟರಿನ ಆಸುಪಾಸು ಡೈರಿಗೆ ಹೋಗುತ್ತಿತ್ತು. ಡೈರಿ ಎಂದರೆ ಊರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಹೈನು ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಊರೂರಿಗೆ ಬಂದ ಸಹಕಾರ ಸಂಘಗಳ ಸಾಲಿನಲ್ಲಿ ಇದೂ ಒಂದು. ಸದಸ್ಯತ್ವ ಅತ್ತಿಗೆಯ ಹೆಸರಿನಲ್ಲಿದೆ, ಹಾಲಿನ ದುಡ್ಡು ಅವರ ಖಾತೆಗೇ ಬರುತ್ತದೆ. ಈ ಸಂಗತಿಯನ್ನು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಗುಂಪಿನಲ್ಲಿದ್ದ ಗಂಡಸರು ಮೊದಲ ದಿನವೆಲ್ಲ ಅಣ್ಣನನ್ನೇ ಯಜಮಾನನೆಂದು ತಿಳಿದು ಹಸುಗಳ ಬಗ್ಗೆ ಅವನನ್ನು ಪ್ರಶ್ನೆ ಕೇಳುತ್ತಿದ್ದರು, ಅವನು ಪ್ರತಿಯೊಂದಕ್ಕೂ ಅಡುಗೆಮನೆಯ ಕಡೆ ತಿರುಗಿ ಅತ್ತಿಗೆಯನ್ನು ಕೂಗುತ್ತಿದ್ದ.

ಮೊದಲು ಸಮಯದ ವಿಚಾರ. ಡೈರಿಯಲ್ಲಿ ಹಾಲು ಅಳೆಯುವುದಕ್ಕೆ ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಎಂದು ಗೊತ್ತುಮಾಡಿರುತ್ತಾರೆ. ಆ ಹೊತ್ತು ಮೀರಿದರೆ ಹಾಲು ಮನೆಯಲ್ಲೇ ಉಳಿಯುತ್ತದೆ. ಆದ್ದರಿಂದ ಅತ್ತಿಗೆ ಏಳುವುದು ನಾಲ್ಕೂವರೆಗೆ. ಸಗಣಿ ಬಾಚಿ, ಕೊಟ್ಟಿಗೆ ತೊಳೆದು, ಐದೂವರೆಗೆ ಹಾಲು ಕರೆಯಲು ಕೂತರೆ ಏಳು ಗಂಟೆಯೊಳಗೆ ಕ್ಯಾನು ಡೈರಿ ಸೇರಬೇಕು. ಸಂಜೆ ನಾಲ್ಕೂವರೆಗೆ ಇದೇ ಕೆಲಸ ಮತ್ತೆ ಮೊದಲಿನಿಂದ. ಹಬ್ಬವಿರಲಿ, ಜ್ವರವಿರಲಿ, ನೆಂಟರಿರಲಿ, ಕೆಚ್ಚಲಿಗೆ ಅದು ತಿಳಿಯುವುದಿಲ್ಲ. ನಿಮ್ಮ ವಾರವನ್ನು ಈ ಎರಡು ಹೊತ್ತುಗಳ ನಡುವೆ ಹೊಂದಿಸಿಕೊಳ್ಳಿ. ನಾವು ಶ್ರವಣಬೆಳಗೊಳಕ್ಕೂ, 1246ರಲ್ಲಿ ಕಟ್ಟಿದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯಕ್ಕೂ ಹೋಗಿಬಂದದ್ದು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರ ಒಳಗಿನ ಬಿಡುವಿನಲ್ಲಿ. ನುಗ್ಗೇಹಳ್ಳಿಯ ಗೋಡೆಯ ಶಿಲ್ಪಗಳ ಮುಂದೆ ಇನ್ನೂ ಒಂದು ಗಂಟೆ ನಿಲ್ಲುವ ಆಸೆಯಿದ್ದರೂ ಅಣ್ಣ ಕೈಗಡಿಯಾರ ನೋಡಿಕೊಳ್ಳತೊಡಗಿದ್ದ.

ನಮ್ಮ ಮೊದಲ ತಪ್ಪು ತಲುಪಿದ ಸಂಜೆಯೇ ಆಯಿತು. ಐದು ಮಕ್ಕಳೂ ಮೊಬೈಲ್ ಹಿಡಿದ ನಾಲ್ವರು ದೊಡ್ಡವರೂ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ನುಗ್ಗಿದೆವು. ಕೆಚ್ಚಲನ್ನು ತೊಳೆದು ಒರೆಸಿದಾಗ ಹಸುವಿನ ಮೆದುಳು ಬಿಡುಗಡೆ ಮಾಡುವ ಆಕ್ಸಿಟೋಸಿನ್ ಎಂಬ ಹಾರ್ಮೋನಿನಿಂದ ಹಾಲು ಕೆಳಗಿಳಿಯುತ್ತದೆ. ಅದರ ಪ್ರಭಾವ ಇರುವುದು ಕೆಲವೇ ನಿಮಿಷ. ಹಸು ಬೆದರಿತೆಂದರೆ ಅಡ್ರಿನಲಿನ್ ಅದಕ್ಕೆ ಅಡ್ಡಬರುತ್ತದೆ, ಹಾಲು ಕರೆಯುವ ಯಂತ್ರ ಎಷ್ಟು ಹೊತ್ತು ಎಳೆದರೂ ಹಾಲು ಇಳಿಯುವುದಿಲ್ಲ. ಅಂದು ಎರಡು ಹಸುಗಳು ಹಾಲಿಳಿಸಲೇ ಇಲ್ಲ, ಒಂದು ಯಂತ್ರವನ್ನು ಒದ್ದು ಕೆಡವಿತು. ಡೈರಿಗೆ ಏಳೆಂಟು ಲೀಟರು ಕಡಿಮೆ ಹೋಯಿತು. ಅತ್ತಿಗೆ ಒಂದು ಮಾತೂ ಆಡಲಿಲ್ಲ. ಆದರೆ ಡೈರಿಯಲ್ಲಿ ಕೊಟ್ಟ ಚೀಟಿಯನ್ನು ನೋಡಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡ ರೀತಿಯಲ್ಲೇ ನನಗೆ ವಿಷಯ ತಿಳಿಯಿತು. ಮರುದಿನದಿಂದ ಹಾಲು ಕರೆಯುವಾಗ ಒಂದು ಸಲಕ್ಕೆ ಇಬ್ಬರು ಮಕ್ಕಳು ಮಾತ್ರ, ಅದೂ ಹಸುವಿಗೆ ಕಾಣುವಂತೆ ಮುಂದುಗಡೆ ಗೋದಲಿಯ ಪಕ್ಕ, ಮಾತಿಲ್ಲದೆ ನಿಲ್ಲಬೇಕೆಂದು ಮಾಡಿದೆವು. ಎರಡು ದಿನದ ಹೋಂಸ್ಟೇ ಸಾಲದು ಎನ್ನುವುದಕ್ಕೆ ನನ್ನ ಕಾರಣವೂ ಇದೇ: ಮೊದಲ ಮೂರು ದಿನ ನೀವು ಹಸುಗಳಿಗೆ ಅಪರಿಚಿತರು, ಮನೆಯವರಿಗೆ ಹೊರೆ, ನಾಲ್ಕನೆಯ ದಿನದಿಂದ ಮಾತ್ರ ಒಂದಿಷ್ಟು ಉಪಯೋಗಕ್ಕೆ ಬರುತ್ತೀರಿ.

ಮಕ್ಕಳಿಗೆ ಕೆಲಸ ಕೊಡಿ, ಆದರೆ ಆಯ್ದು ಕೊಡಿ. ಕರುಗಳಿಗೆ ಬಕೆಟಿನಲ್ಲಿ ಹಾಲು ಕುಡಿಸುವುದು ಅವರಿಗೆ ಹೇಳಿಮಾಡಿಸಿದ ಕೆಲಸ. ಬೆರಳನ್ನು ಕರುವಿನ ಬಾಯಿಗೆ ಕೊಟ್ಟು, ಅದು ಚೀಪತೊಡಗಿದಾಗ ಕೈಯನ್ನು ಮೆಲ್ಲಗೆ ಹಾಲಿನೊಳಗೆ ಇಳಿಸಿದರೆ ಎರಡು ಮೂರು ಹೊತ್ತಿನಲ್ಲಿ ಅದು ತಾನಾಗಿ ಕುಡಿಯುವುದನ್ನು ಕಲಿಯುತ್ತದೆ. ನನ್ನ ಮಗ ಒಂದು ಹಸು ದಿನಕ್ಕೆ ಎಷ್ಟು ನೀರು ಕುಡಿಯುತ್ತದೆಂದು ಬಕೆಟಿನಿಂದ ಅಳೆದು 70 ಲೀಟರ್ ಎಂದು ಬರೆದುಕೊಂಡ. ಬೆಂಗಳೂರಿನ ನಮ್ಮ ಮನೆಗೆ ಬರುವ ನೀರಿನ ಕ್ಯಾನುಗಳ ಲೆಕ್ಕದಲ್ಲಿ ಅದು ಮೂರೂವರೆ ಕ್ಯಾನು ಎಂದು ಅವನೇ ಹೇಳಿದ ಮೇಲೆ, ಅಣ್ಣ ಕೊಳವೆಬಾವಿಯ ಬಗ್ಗೆ ಯಾಕೆ ಅಷ್ಟು ಚಿಂತಿಸುತ್ತಾನೆಂದು ನಾನು ವಿವರಿಸಬೇಕಾಗಲಿಲ್ಲ. ಆದರೆ ಮೇವು ಕತ್ತರಿಸುವ ಯಂತ್ರದ ಹತ್ತಿರ ಯಾವ ಮಗುವನ್ನೂ ಬಿಡಬೇಡಿ. ನೇಪಿಯರ್ ಹುಲ್ಲನ್ನು ಒಳಗೆ ಎಳೆದುಕೊಳ್ಳುವ ಆ ಉರುಳೆಗಳು ಕೈಯನ್ನೂ ಹಾಗೆಯೇ ಎಳೆದುಕೊಳ್ಳುತ್ತವೆ. ಅದು ಓಡುತ್ತಿರುವಾಗ ಮಕ್ಕಳು ಜಗಲಿ ಇಳಿಯಕೂಡದೆಂಬ ನಿಯಮಕ್ಕೆ ನಾವು ಒಮ್ಮೆಯೂ ವಿನಾಯಿತಿ ಕೊಡಲಿಲ್ಲ. ಕರೆದ ಹಾಲನ್ನು ಹಾಗೆಯೇ ಕುಡಿದರೆ ಶಕ್ತಿ ಬರುತ್ತದೆಂದು ಹೇಳುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಹಸುವಿನಿಂದ ಮನುಷ್ಯರಿಗೆ ಬ್ರುಸೆಲ್ಲೋಸಿಸ್ ಎಂಬ ಸೋಂಕು ರೋಗ ಹರಡುವ ದಾರಿಗಳಲ್ಲಿ ಕಾಯಿಸದ ಹಾಲೂ ಒಂದು, ಆದ್ದರಿಂದ ಅವರ ಮಾತನ್ನು ಕೇಳಬೇಡಿ.

ಮೂರನೆಯ ರಾತ್ರಿ ಒಂದು ಹಸು ಕರು ಹಾಕಿತು. ಎಬ್ಬಿಸುವುದೋ ಬೇಡವೋ ಎಂದು ಯೋಚಿಸಿ, ಕೊನೆಗೆ ಹತ್ತು ವರ್ಷ ದಾಟಿದ ಮೂವರನ್ನು ಎಬ್ಬಿಸಿದೆವು. ಮುಂಗಾಲುಗಳ ಗೊರಸು, ಅವುಗಳ ಮೇಲೆ ಇಟ್ಟಂತಿದ್ದ ಮೂತಿ, ಆಮೇಲೆ ಒಮ್ಮೆಗೇ ಜಾರಿ ಬಂದ ಇಡೀ ಮೈ. ಯಾರೂ ಫೋಟೋ ತೆಗೆಯಲಿಲ್ಲ. ಅತ್ತಿಗೆ ಕರುವಿನ ಮೂಗುಬಾಯಿಯ ಲೋಳೆ ಒರೆಸಿ, ಹಿಂಗಾಲೆತ್ತಿ ನೋಡಿ, ಹೋರಿಗರು ಎಂದಷ್ಟೇ ಹೇಳಿದರು. ಹುಟ್ಟಿದ ಒಂದೆರಡು ಗಂಟೆಗಳಲ್ಲೇ ಕರುವಿಗೆ ಗಿಣ್ಣುಹಾಲು ಕುಡಿಸಬೇಕು. ರೋಗನಿರೋಧಕ ಶಕ್ತಿ ಅದಕ್ಕೆ ತಾಯಿಯ ಗರ್ಭದಲ್ಲಿ ಬರುವುದಿಲ್ಲ, ಈ ಹಾಲಿನಿಂದಲೇ ಬರಬೇಕು, ಹೊತ್ತು ಕಳೆದಂತೆ ಕರುಳು ಅದನ್ನು ಹೀರಿಕೊಳ್ಳುವುದನ್ನು ನಿಲ್ಲಿಸುತ್ತದೆ. ಗಂಡೆಂದು ಅತ್ತಿಗೆ ಅದರಲ್ಲಿ ಕಡಿಮೆ ಮಾಡಲಿಲ್ಲ. ಕರು ಕುಡಿದು ಉಳಿದ ಗಿಣ್ಣುಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಮರುದಿನ ಗಿಣ್ಣು ಮಾಡಿದರು. ಮೊದಲ ಕೆಲವು ದಿನ ಆ ಹಾಲನ್ನು ಡೈರಿಗೆ ಹಾಕುವಂತಿಲ್ಲ.

ಅದನ್ನು ತಿನ್ನುತ್ತಿರುವಾಗ ಸ್ನೇಹಿತರ ಮಗಳು, ಇಲ್ಲಿರುವ ದೊಡ್ಡವೆಲ್ಲ ಹಸುಗಳೇ ಆಗಿವೆ, ಹೋರಿಗರುಗಳು ದೊಡ್ಡವಾದ ಮೇಲೆ ಎಲ್ಲಿಗೆ ಹೋಗುತ್ತವೆ ಎಂದು ಕೇಳಿದಳು. ಇಂಥ ಪ್ರಶ್ನೆ ನಿಮಗೂ ಎದುರಾಗುತ್ತದೆ, ಸಿದ್ಧರಾಗಿರಿ. ಉಳುಮೆ ಟ್ರ್ಯಾಕ್ಟರಿನಿಂದ ನಡೆಯುವ ಊರಿನಲ್ಲಿ, ಹಳ್ಳಿಕಾರ್ ಎಂಬ ನಾಟಿ ತಳಿಯ ಹೋರಿಗಿರುವ ಬೆಲೆಯಾಗಲಿ ಕೆಲಸವಾಗಲಿ ಎಚ್‌ಎಫ್ ಮಿಶ್ರತಳಿಯ ಹೋರಿಗಿಲ್ಲ. ಅದನ್ನು ಸಾಕುವ ಮೇವಿನಲ್ಲಿ ಒಂದು ಕಡಸನ್ನು ಬೆಳೆಸಬಹುದು. ಅಣ್ಣ ಇದನ್ನೆಲ್ಲ ಹೇಳಿ, ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತೇವೆ ಮಗೂ ಎಂದು ನಿಲ್ಲಿಸಿದ. ಕೊಟ್ಟ ಮೇಲೆ ಎಂದು ಅವಳು ಮತ್ತೆ ಕೇಳಿದಳು. ಅವನು ಎದ್ದು ಕೈತೊಳೆಯಲು ಹೋದ. ನಾವು ಬೆಂಗಳೂರಿನಲ್ಲಿ ಬೆಳಿಗ್ಗೆ ಪ್ಯಾಕೆಟ್ ಕತ್ತರಿಸುವಾಗ ಬಾರದ ಪ್ರಶ್ನೆ ಇದು. ಮಕ್ಕಳನ್ನು ಇದರಿಂದ ಕಾಪಾಡಬೇಕೆನಿಸಿದರೆ ಹೈನುಗಾರರ ಮನೆಗೆ ಕರೆದೊಯ್ಯುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ನನ್ನ ಗಂಡ ಇದನ್ನು ಒಪ್ಪುವುದಿಲ್ಲ.

ಆಯುಧಪೂಜೆಯ ದಿನ ನಡೆದ ತಪ್ಪು ಇನ್ನೂ ದೊಡ್ಡದು, ವಯಸ್ಸಾದವರನ್ನು ಕರೆದೊಯ್ಯುವುದಾದರೆ ನೀವು ಇದನ್ನು ಮುಖ್ಯವಾಗಿ ಗಮನಿಸಬೇಕು. ಹಾಲು ಕರೆಯುವ ಯಂತ್ರಕ್ಕೂ ಮೇವಿನ ಯಂತ್ರಕ್ಕೂ ಬಾಳೆಕಂದು ಕಟ್ಟಿ, ಕುಂಕುಮವಿಟ್ಟು, ಬೂದುಗುಂಬಳ ಒಡೆದಾಯಿತು. ಒಬ್ಬಟ್ಟಿನ ಊಟವಾಯಿತು. ಅನ್ನ, ಪಾಯಸ, ಒಬ್ಬಟ್ಟು ಮಿಕ್ಕಿದ್ದವು. ನಮ್ಮ ಅತ್ತೆಯವರು ಚಿಕ್ಕಂದಿನಲ್ಲಿ ಮನೆಯ ಹಸುವಿಗೆ ಕಲಗಚ್ಚು ಇಡುತ್ತಿದ್ದವರು. ಹಬ್ಬದ ದಿನ ಗೋವಿಗೆ ಕೊಡದೆ ಚೆಲ್ಲುವುದೆಂತು ಎಂದು ಮಿಕ್ಕಿದ್ದನ್ನೆಲ್ಲ ಕಲಗಚ್ಚಿಗೆ ಸುರಿದು, ಬಾಗಿಲ ಬಳಿಯ ಹಸುವಿನ ಮುಂದಿಟ್ಟರು. ಅದು ನೆಕ್ಕಿ ತಿಂದಿತು. ಕಲಗಚ್ಚಿನ ನಾಲ್ಕು ಅಗುಳು ಬೇರೆ, ಒಂದು ಪಾತ್ರೆ ಅನ್ನ ಬೇರೆ. ಹುಲ್ಲಿಗೆ ಹೊಂದಿಕೊಂಡ ಹೊಟ್ಟೆಯಲ್ಲಿ ಬೆಂದ ಪಿಷ್ಟವೂ ಬೆಲ್ಲವೂ ಬಹುಬೇಗ ಹುಳಿತು ಆಮ್ಲವಾಗುತ್ತವೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ; ತಡವಾದರೆ ಹಸು ಸಾಯುತ್ತದೆ. ಹಬ್ಬದ ಮರುದಿನ ಪಶುವೈದ್ಯರಿಗೆ ಬರುವ ಕರೆಗಳಲ್ಲಿ ಇಂಥವು ಹೊಸತಲ್ಲ. ಸಂಜೆಗೆ ಹಸು ಮೇವು ಮುಟ್ಟದೆ ನಿಂತದ್ದನ್ನು ಮೊದಲು ಗಮನಿಸಿದವರೂ ಅತ್ತಿಗೆಯೇ. ವೈದ್ಯರು ಬಂದು ಅಡುಗೆ ಸೋಡಾ ಕದಡಿದ ನೀರನ್ನು ಕುಡಿಸಿ, ಚುಚ್ಚುಮದ್ದು ಕೊಟ್ಟು ಹೋದರು. ನಾವೇ ಕುಡಿಸಲು ಹೋಗಬಾರದೆಂದೂ, ತಲೆ ಎತ್ತಿ ಹಿಡಿದು ಸುರಿದರೆ ನೀರು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆಯೆಂದೂ ಎಚ್ಚರಿಸಿದರು. ಹಸು ಮರುದಿನ ಸಂಜೆ ಮೆಲುಕು ಹಾಕಿತು. ಅಲ್ಲಿಯವರೆಗೆ ನಮ್ಮತ್ತೆ ಕೊಟ್ಟಿಗೆಯ ಮೆಟ್ಟಿಲು ಬಿಟ್ಟು ಏಳಲಿಲ್ಲ, ಊಟವನ್ನೂ ಅಲ್ಲಿಗೇ ತರಿಸಿಕೊಂಡರು.

ಈಗ ಅಡುಗೆಯ ಮಾತು. ನಾಲ್ಕೂವರೆಗೆ ಏಳುವ ಹೆಂಗಸಿಗೆ 12 ಮಂದಿಯ ಕಾಫಿ, ತಿಂಡಿ, ಎರಡು ಊಟ ಎಂದರೆ ಅದು ರಜೆಯಲ್ಲ, ದಂಡನೆ. ಮೊದಲೆರಡು ದಿನ ನಾವು ಹೆಂಗಸರು ಕೈಜೋಡಿಸುತ್ತೇವೆಂದು ಹೇಳಿಕೊಂಡೆವು. ಕೈಜೋಡಿಸುವುದು ಎಂದರೆ ಉಪ್ಪೆಲ್ಲಿದೆ, ದೊಡ್ಡ ಪಾತ್ರೆ ಎಲ್ಲಿದೆ ಎಂದು ಅವರನ್ನೇ ಕೇಳುತ್ತಿರುವುದು ಎಂದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೂರನೆಯ ದಿನದಿಂದ ಅಡುಗೆಮನೆಯನ್ನು ಗಂಡಸರು ವಹಿಸಿಕೊಂಡರು. ಅತ್ತಿಗೆ ಮೊದಲು ನಕ್ಕರು, ಆಮೇಲೆ ಸಂಕೋಚಪಟ್ಟರು, ಕೊನೆಗೆ ಟೊಮೆಟೊ ಬಾತಿಗೆ ಉಪ್ಪು ಸಾಲದೆಂದು ದೂರಿದರು. ದೂರಿದ ದಿನವೇ ನಾನು ಸಮಾಧಾನಪಟ್ಟೆ. ನೀವು ಮೊದಲ ದಿನದಿಂದಲೇ ಹೀಗೆ ಮಾಡಿ. ಸಾಧ್ಯವಾದರೆ ಊರಿನಲ್ಲೇ ಒಬ್ಬರು ಅಡುಗೆಯವರನ್ನು ಗೊತ್ತುಮಾಡಿ, ಅದರ ಖರ್ಚನ್ನು ಮೂರೂ ಕುಟುಂಬಗಳು ಹಂಚಿಕೊಳ್ಳಿ. ಮನೆಯವರಿಗೆ ನೇರವಾಗಿ ಹಣ ಕೊಟ್ಟರೆ ತೆಗೆದುಕೊಳ್ಳಲಾರರು; ನಾವು ಹೊರಡುವಾಗ ಎರಡು ಮೂಟೆ ಹಿಂಡಿ, ನಾಲ್ಕು ಮೂಟೆ ಬೂಸ ತರಿಸಿ ಇಳಿಸಿದೆವು. ಅದನ್ನು ಬೇಡವೆನ್ನುವುದು ಅವರಿಗೂ ಕಷ್ಟವಾಯಿತು.

ಕೊನೆಯ ಎರಡು ದಿನಗಳಿಗಾಗಿಯೇ ಈ ವಾರ ಸಾರ್ಥಕವಾಯಿತೆಂದು ನನಗನಿಸುತ್ತದೆ. ವಿಜಯದಶಮಿಯ ಮರುದಿನ ಅಣ್ಣನೇ, ಇಷ್ಟು ಕೈಗಳಿವೆಯಲ್ಲ, ನೀನು ನಿನ್ನ ತವರಿಗೆ ಹೋಗಿ ಬಾ ಎಂದು ಅತ್ತಿಗೆಗೆ ಹೇಳಿದ. ಅರಸೀಕೆರೆಯ ಕಡೆಯ ಆ ಊರಿಗೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಬೆಳಿಗ್ಗೆ ಹೋಗಿ ಸಂಜೆಯ ಹಾಲಿಗೆ ಮರಳುವುದನ್ನು ಬಿಟ್ಟರೆ, ಅಲ್ಲಿ ರಾತ್ರಿ ಉಳಿದು ಆರು ವರ್ಷವಾಗಿತ್ತೆಂದು ಅವರು ಲೆಕ್ಕ ಹಾಕಿ ಹೇಳಿದರು. ಹೊರಡುವ ಮೊದಲು ನನಗೂ ನನ್ನ ಸ್ನೇಹಿತೆಗೂ ಎಲ್ಲವನ್ನೂ ಮತ್ತೊಮ್ಮೆ ತೋರಿಸಿಕೊಟ್ಟರು: ಮೊದಲ ನಾಲ್ಕು ಧಾರೆಯನ್ನು ಬೇರೆ ಬಟ್ಟಲಿಗೆ ಕರೆದು ಗಂಟು ಅಥವಾ ರಕ್ತವಿದೆಯೇ ನೋಡಬೇಕು, ಇದ್ದರೆ ಕೆಚ್ಚಲು ಬಾವಿನ ಸೂಚನೆ, ಯಂತ್ರ ತೆಗೆದ ಮೇಲೆ ಮೊಲೆತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು, ಕೂಡಲೇ ಮೇವು ಹಾಕಿ ಹಸು ಅರ್ಧ ಗಂಟೆ ಮಲಗದಂತೆ ನೋಡಿಕೊಳ್ಳಬೇಕು, ತೊಟ್ಟಿನ ದ್ವಾರ ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು, ಕೊನೆಯ ಹಾಲಿನಲ್ಲೇ ಜಿಡ್ಡು ಹೆಚ್ಚಿರುವುದರಿಂದ ಒಳಗೇನೂ ಉಳಿಸಬಾರದು. ಆ ಎರಡು ದಿನ ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಅವರ ಫೋನು ಬರುತ್ತಿತ್ತು. ಡೈರಿಯ ಚೀಟಿಯಲ್ಲಿ ಜಿಡ್ಡು, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎಷ್ಟು ಬಂದಿದೆ ಎಂದು ಮೊದಲು, ಮಕ್ಕಳು ಊಟ ಮಾಡಿದರೇ ಎಂದು ಆಮೇಲೆ.

ಭಾನುವಾರ ಮಧ್ಯಾಹ್ನ ಹಿಂದಿರುಗಿದವರು ಚೀಲವನ್ನು ಜಗಲಿಯ ಮೇಲಿಟ್ಟು, ಸೀರೆಯನ್ನೂ ಬದಲಿಸದೆ ನೇರ ಕೊಟ್ಟಿಗೆಗೆ ಹೋದರು. ನಾವಿಬ್ಬರು ಪರೀಕ್ಷೆ ಬರೆದ ಮಕ್ಕಳಂತೆ ಬಾಗಿಲಲ್ಲಿ ನಿಂತೆವು. ಅತ್ತಿಗೆ ಒಂದೊಂದೇ ಹಸುವಿನ ಕೆಚ್ಚಲನ್ನು ಅಂಗೈಯಿಂದ ಒತ್ತಿ ನೋಡುತ್ತ ಬಂದು, ಏಳನೆಯದರ ಬಳಿ ಕುಕ್ಕರುಗಾಲಿನಲ್ಲಿ ಕೂತು, ಹಿಂದಿನ ಬಲತೊಟ್ಟಿನಲ್ಲಿ ಹಾಲು ಉಳಿಸಿದ್ದೀರಲ್ಲ ಎಂದರು.