ಕುಡಿತ ಬಿಡೋಕೆ ಮಗಳ ತಲೆ ಮುಟ್ಟಿ ಆಣೆ ಮಾಡಲಾ?

ಮಿಲಿಟರಿಯಿಂದ ನಿವೃತ್ತರಾಗಿ ವಿರಾಜಪೇಟೆ ಹತ್ತಿರ ಇದ್ದೀರಿ, ಇಬ್ಬರು ಮಕ್ಕಳು, ದಿನಾ ಸಂಜೆ ರಮ್ ಬೇಕೇ ಬೇಕು. ಮಗಳ ತಲೆ ಮುಟ್ಟಿ ಆಣೆ ಮಾಡಿದರೆ ಬಿಡೋಕಾಗುತ್ತಾ ಅಂತ ಕೇಳಿದ್ದೀರಿ. ನಾನು ಸೋಮವಾರಪೇಟೆ ಕಡೆಯ ಕಾಫಿ ತೋಟದವನು, ಕುಡಿತ ಬಿಟ್ಟಿರುವ ಅಪ್ಪ. ದಯವಿಟ್ಟು ಆ ಆಣೆ ಮಾತ್ರ ಬೇಡ. ನಾಳೆ ನೀವು ಒಂದು ಗುಟುಕು ಕುಡಿದರೂ ತನಗೇ ಏನೋ ಆಗುತ್ತೆ ಅಂತ ಮಗು ಹೆದರಿಕೊಂಡು ಮಲಗುತ್ತದೆ. ಬಿಡಬೇಕಾದವರು ನೀವು, ಭಯ ಅವಳಿಗೆ ಯಾಕೆ?

ಮೊದಲು ಡಾಕ್ಟರನ್ನು ನೋಡಿ. ಬೆಳಿಗ್ಗೆ ಎದ್ದಾಗ ಕೈ ನಡುಗಿ ಮೈ ಬೆವರುತ್ತಿದ್ದರೆ, ಒಂದೇ ಸಲ ನಿಲ್ಲಿಸೋದು ಅಪಾಯ. ವರ್ಷಗಟ್ಟಲೆ ಜಾಸ್ತಿ ಕುಡಿದವರಿಗೆ ನಿಲ್ಲಿಸಿದ ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣೋದು, ಏನೇನೋ ಸಂಬಂಧವಿಲ್ಲದ ಮಾತಾಡೋದು ಶುರುವಾದರೆ ಜೀವಕ್ಕೇ ಕುತ್ತು. ಡಾಕ್ಟರು ಮಾತ್ರೆ ಕೊಟ್ಟು ಇದನ್ನು ತಡೆಯಬಹುದು, ಜೊತೆಗೆ ವಿಟಮಿನ್ ಬಿ1 ಕೂಡ ಕೊಡುತ್ತಾರೆ. ಮಡಿಕೇರಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ, ಮನೋವೈದ್ಯರನ್ನು ಕೇಳಿ. ಯಾರಾದರೂ ನೋಡಿದರೆ ಅಂತ ಮುಜುಗರವೇ? 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾಲ್ಕು ಜನರ ಜೊತೆ ಬಿಡೋದು ಸುಲಭ ಅನಿಸಿದರೆ ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರ ಇದೆ.

ಇನ್ನು ಮನೆ. ಮಿಲಿಟರಿ ಕ್ಯಾಂಟೀನ್ ಕೋಟಾದ ಬಾಟಲಿ ತರೋದನ್ನೇ ನಿಲ್ಲಿಸಿ. 'ನೆಂಟರಿಗೆ ಇರಲಿ' ಅಂತಲೂ ತರಬೇಡಿ. ನೆಲ್ಲಿಕಾಯಿ ವೈನ್, ದ್ರಾಕ್ಷಿ ವೈನ್ ಮನೆಯಲ್ಲೇ ಮಾಡಿದ್ದು, ಅದೇನೂ ಕುಡಿತ ಅಲ್ಲ ಅಂತಾರೆ ನಮ್ಮಲ್ಲಿ. ಅದೂ ಕುಡಿತವೇ. ಮಳೆಗಾಲದಲ್ಲಿ 'ಚಳಿಗೆ ಸ್ವಲ್ಪ' ಅನ್ನೋದು ಇನ್ನೊಂದು. ಕುಡಿದಾಗ ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗೆ ಅನಿಸುತ್ತದೆ ಅಷ್ಟೇ, ಒಳಗಿನ ಶಾಖ ಹೊರಗೆ ಹೋಗಿ ಮೈ ಇನ್ನೂ ತಣ್ಣಗಾಗುತ್ತದೆ.

ಮಕ್ಕಳ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ನಾನು ಬಿಟ್ಟು ಎಷ್ಟೋ ತಿಂಗಳಾದ ಮೇಲೂ, ಗೇಟಿನ ಹತ್ತಿರ ಜೀಪು ಗೇರ್ ಇಳಿಸುವ ಸದ್ದು ಕೇಳಿದರೆ ದೊಡ್ಡವನು ಪುಸ್ತಕ ಮಡಚಿ ಜಗಲಿಯಿಂದ ಒಳಗೆ ಹೋಗಿಬಿಡುತ್ತಿದ್ದ. ಚಿಕ್ಕವಳು ಹತ್ತಿರ ಬಂದು ಬಾಯಿ ವಾಸನೆ ನೋಡುತ್ತಿದ್ದಳು. ಬೇಜಾರಾಗುತ್ತೆ ಅಲ್ವಾ? ಆದರೂ ಬೈಯಬೇಡಿ, 'ಈಗ ಬಿಟ್ಟಿದ್ದೀನಲ್ಲ' ಅಂತ ವಾದಕ್ಕೂ ಇಳಿಯಬೇಡಿ. ಮಕ್ಕಳು ಮಾತು ನಂಬೋದಿಲ್ಲ, ಸಂಜೆಗಳನ್ನು ನೋಡಿ ನಂಬುತ್ತಾರೆ. ಹಾಗಾಗಿ ಕುಡಿಯುತ್ತಿದ್ದ ಆ ಹೊತ್ತನ್ನೇ ಅವರಿಗೆ ಕೊಡಿ. ಲೆಕ್ಕ ಹೇಳಿಕೊಡಿ, ಅಕ್ಕಿ ರೊಟ್ಟಿ ತಟ್ಟಿ, ಜೊತೆಗೆ ಕೂತು ಊಟ ಮಾಡಿ. ಮಗಳಿಗೆ ಇಷ್ಟು ಹೇಳಿದರೆ ಸಾಕು: "ಅಪ್ಪನಿಗೆ ಕುಡಿಯೋ ಕಾಯಿಲೆ ಇದೆ, ಡಾಕ್ಟರ್ ಹತ್ತಿರ ಹೋಗ್ತಿದ್ದೀನಿ. ಇದು ನಿನ್ನಿಂದ ಆಗಿದ್ದಲ್ಲ."

ನಮ್ಮ ಕೊಡಗಿನ ಹಬ್ಬಗಳಾದ ಪುತ್ತರಿ, ಕೈಲ್‌ಪೊಳ್ದ್, ಮದುವೆಗೆಲ್ಲ ಏನು ಮಾಡಲಿ ಅಂತಲೂ ಕೇಳಿದ್ದೀರಿ. ಮೊದಲ ವರ್ಷ ಹಗಲಲ್ಲೇ ಹೋಗಿ, ಊಟ ಮುಗಿಸಿ ಕತ್ತಲಾಗುವ ಮುಂಚೆ ಹೊರಡಿ. ಪುತ್ತರಿ ರಾತ್ರಿಯ ಹಬ್ಬ, ಅದಕ್ಕೆ ಹೆಂಡತಿ ಮಕ್ಕಳ ಜೊತೆಗೇ ಹೋಗಿ ಜೊತೆಗೇ ಬನ್ನಿ. ಯಾರಾದರೂ ಒತ್ತಾಯ ಮಾಡಿದರೆ 'ಮಾತ್ರೆ ತಗೊಳ್ತಿದ್ದೀನಿ, ಡಾಕ್ಟರ್ ಬೇಡ ಅಂದಿದ್ದಾರೆ' ಅನ್ನಿ. ಹಿರಿಯರು ಯಾರಾದರೂ ಒಬ್ಬರಿಗೆ ಮೊದಲೇ ವಿಷಯ ತಿಳಿಸಿಡಿ, ಗ್ಲಾಸು ನಿಮ್ಮ ಹತ್ತಿರ ಬರುವ ಮುಂಚೆ ಅವರೇ ತಡೆಯುತ್ತಾರೆ.