ಓದುಗರ ಪ್ರಶ್ನೆ: ಏಟು ತಿಂದ ಪುಟ ಹಾರಿಸಿ ಓದಬಹುದಾ?

ಪ್ರಶ್ನೆ: ಎರಡನೇ ಕ್ಲಾಸಿನ ಮಗಳಿಗೆ ಕೀನ್ಯಾದಲ್ಲಿ ಗಿಡ ಹಚ್ಚುವ ಚಳವಳಿ ಕಟ್ಟಿದ ವಂಗಾರಿ ಮಾಥಾಯ್ ಅವರ ಜೀವನದ ಇಂಗ್ಲಿಷ್ ಚಿತ್ರಪುಸ್ತಕ ತಂದಿದ್ದೇನೆ. ಒಂದು ಪುಟದಲ್ಲಿ ಆಕೆಗೆ ಲಾಠಿ ಏಟು ಬೀಳುತ್ತದೆ, ಮುಂದಿನದರಲ್ಲಿ ಜೈಲು. ಮಲಗುವ ಹೊತ್ತಲ್ಲಿ ಇದೆಲ್ಲ ಬೇಕಾ? ಆ ಎರಡು ಪುಟ ಹಾರಿಸಿದರೆ ನಡೆಯುತ್ತಾ?
– ಓದುಗರು, ಧಾರವಾಡ

ಉತ್ತರ: ಹಾರಿಸಬೇಡಿ. ಮಲಗುವ ಹೊತ್ತಿಗೆ ಬೇಡ ಅನ್ನಿಸಿದರೆ ಭಾನುವಾರ ಬೆಳಿಗ್ಗೆ ಓದಿ, ಅಷ್ಟೇ. ಆ ಪುಟ ತೆಗೆದರೆ ಉಳಿಯೋದು ಗಿಡ ಹಚ್ಚಿದ ಒಬ್ಬ ಒಳ್ಳೇ ಹೆಂಗಸಿನ ಕಥೆ. ಗಿಡ ಎಲ್ಲರೂ ಹಚ್ಚುತ್ತಾರೆ. ವನಮಹೋತ್ಸವದಲ್ಲಿ ಮಂತ್ರಿಗಳೂ ಹಚ್ಚುತ್ತಾರೆ, ಮರುದಿನ ಪೇಪರಿನಲ್ಲಿ ಫೋಟೋ ಬರುತ್ತದೆ, ಅವರಿಗೆ ಯಾರೂ ಹೊಡೆಯೋದಿಲ್ಲ ಅಲ್ವಾ? ಈಕೆಗೆ ಮಾತ್ರ ಯಾಕೆ ಹೊಡೆದರು ಅನ್ನೋದನ್ನು ಮಗುವಿಗೆ ಹೇಳಲೇಬೇಕು.

1989ರಲ್ಲಿ ನೈರೋಬಿಯ ಉಹುರು ಪಾರ್ಕಿನಲ್ಲಿ 60 ಅಂತಸ್ತಿನ ಕಟ್ಟಡ ಎಬ್ಬಿಸಲು ತಯಾರಿ ನಡೆದಿತ್ತು. ಊರ ನಡುವೆ ಜನ ಬಂದು ಕೂರುವ ಜಾಗ ಅದು. ಮಾಥಾಯ್ ಪತ್ರದ ಮೇಲೆ ಪತ್ರ ಬರೆದರು. ಸಂಸತ್ತಿನಲ್ಲಿ ಆಕೆಯನ್ನು ಗೇಲಿ ಮಾಡಿದರು, ಹೆಣ್ಣುಮಗಳು ಗಂಡಸರ ಮುಂದೆ ತಗ್ಗಿ ನಡೆಯಬೇಕು ಅನ್ನುವ ಬುದ್ಧಿವಾದವೂ ಬಂತು. ಕೊನೆಗೆ ಆ ಕಟ್ಟಡ ಬರಲೇ ಇಲ್ಲ. 1999ರಲ್ಲಿ ಕರೂರ ಕಾಡಿನ ಜಾಗವನ್ನು ಖಾಸಗಿಯವರಿಗೆ ಹಂಚಿದ್ದನ್ನು ವಿರೋಧಿಸಿ ಅಲ್ಲಿ ಗಿಡ ಹಚ್ಚಲು ಹೋದಾಗ ಕಾವಲಿನವರು ಹೊಡೆದು ತಲೆಯಿಂದ ರಕ್ತ ಬಂತು. ಮಗಳಿಗೆ ಇಷ್ಟೆಲ್ಲ ಹೇಳಬೇಕಿಲ್ಲ. ನಮ್ಮ ಕಡಪಾ ಮೈದಾನದಲ್ಲಿ ಆಟಕ್ಕೆ ಜಾಗ ಇಲ್ಲ, ದೊಡ್ಡ ಬಿಲ್ಡಿಂಗ್ ಬರುತ್ತೆ ಅಂದರೆ ಏನು ಮಾಡ್ತೀಯಾ ಅಂತ ಕೇಳಿ. ಏಳು ವರ್ಷದ ಮಕ್ಕಳಿಗೆ ಸಿಟ್ಟು ಸರಿಯಾಗಿ ಅರ್ಥ ಆಗುತ್ತದೆ.

ಇನ್ನೊಂದು ಮಾತು. ಪುಸ್ತಕದಲ್ಲಿ ಆಕೆಯ ಪಕ್ಕ ಯಾರು ನಿಂತಿದ್ದಾರೆ ನೋಡಿ. ಕೀನ್ಯಾದಲ್ಲಿ ಹಚ್ಚಿದ್ದು 3 ಕೋಟಿಗೂ ಜಾಸ್ತಿ ಗಿಡ. ಒಬ್ಬರೇ ಹಚ್ಚಲು ಆಗುತ್ತಾ? ಹಚ್ಚಿದವರು ಹಳ್ಳಿಯ ಹೆಂಗಸರು, ಸೌದೆಗಾಗಿ ಮೈಲಿಗಟ್ಟಲೆ ನಡೆಯುತ್ತಿದ್ದವರು. ಒಡೆದ ಗಡಿಗೆ, ಹಳೇ ಡಬ್ಬಿ, ಸಿಕ್ಕಿದ್ದರಲ್ಲೆಲ್ಲ ಸಸಿ ಎಬ್ಬಿಸಿದರು. ಓದು ಬರೆಹ ಇಲ್ಲದ ಹೆಂಗಸರಿಗೆ ಇದೆಲ್ಲಿ ಸಾಧ್ಯ ಅಂತ ಅರಣ್ಯ ಇಲಾಖೆಯವರು ನಕ್ಕಿದ್ದರು. ಈ ಹೆಂಗಸರಿಗೆ ಸಣ್ಣ ಮೊತ್ತ ಸಿಗುತ್ತಿತ್ತು, ಅದೂ ಹಚ್ಚಿದ ಗಿಡಕ್ಕಲ್ಲ, ಬದುಕಿದ ಗಿಡಕ್ಕೆ. 1977ರಲ್ಲಿ ಮಾಥಾಯ್ ಮೊದಲು ಹಚ್ಚಿದ್ದು 7 ಸಸಿ, ಉಳಿದದ್ದು 2. ಸತ್ತ ಐದನ್ನೂ ತೋರಿಸುವ ಪುಸ್ತಕ ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಿ. ಮೊದಲ ಪುಟದಲ್ಲಿ ಬೀಜ, ಕೊನೆಯ ಪುಟದಲ್ಲಿ 2004ರ ನೊಬೆಲ್ ಶಾಂತಿ ಪ್ರಶಸ್ತಿ, ನಡುವೆ ಬರೀ ಹಸಿರು ಇದ್ದರೆ ಅದು ಗೋಡೆಗೆ ಹಾಕುವ ಕ್ಯಾಲೆಂಡರ್.

ಇಂತಹ ಪುಸ್ತಕಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ದೊಡ್ಡವರಿಗಾಗಿ ಒಂದು ಟಿಪ್ಪಣಿ ಇರುತ್ತದೆ. ನೀವು ಮೊದಲು ಅದನ್ನು ಓದಿಕೊಳ್ಳಿ, ಆಮೇಲೆ ಇಂಗ್ಲಿಷ್ ವಾಕ್ಯಗಳ ಹಂಗು ಬಿಟ್ಟು ಚಿತ್ರ ತೋರಿಸುತ್ತಾ ನಿಮ್ಮ ಮಾತಿನಲ್ಲೇ ಕಥೆ ಹೇಳಿ.

ಪ್ರಶ್ನೆ: ಕೀನ್ಯಾ ಯಾಕೆ? ನಮ್ಮ ಶಾಲೆ ಮಕ್ಕಳ ಕೈಯಲ್ಲಿ ನಮ್ಮ ಕಡೆಯ ಪರಿಸರ ಹೋರಾಟದ ಮೇಲೆ ಚಿತ್ರಪುಸ್ತಕ ಮಾಡಿಸಬಹುದಾ?
– ಶಿಕ್ಷಕಿ, ಹಾನಗಲ್ಲ ತಾಲ್ಲೂಕು

ಉತ್ತರ: ಕೀನ್ಯಾನೂ ಇರಲಿ. ಆದರೆ ನಿಮ್ಮ ತಾಲ್ಲೂಕಿನಲ್ಲೇ ಕುಸನೂರು ಇದೆಯಲ್ಲ! ಹಳ್ಳಿಗಳ ಸಾವಿರಾರು ಎಕರೆ ಗೋಮಾಳ, ಗುಡ್ಡ ಎಲ್ಲವನ್ನೂ ನೀಲಗಿರಿ ಬೆಳೆಯಲು ಸರ್ಕಾರ ಮತ್ತು ಖಾಸಗಿ ಕಂಪನಿಯ ಜಂಟಿ ಸಂಸ್ಥೆಗೆ ಕೊಟ್ಟಿದ್ದರು. 1987ರ ನವೆಂಬರ್ 14ರಂದು ಜನ ಸೇರಿ ನೀಲಗಿರಿ ಸಸಿ ಕಿತ್ತರು, ಆ ಜಾಗದಲ್ಲಿ ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಅಂತಲೇ ಅದಕ್ಕೆ ಹೆಸರು. ಮುಂದಾಳು ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರೂ ಇದ್ದರು. ದಿನಾಂಕ ನೋಡಿದಿರಾ? ಮಕ್ಕಳ ದಿನಾಚರಣೆ. ಆ ದಿನ ಶಾಲೆಯಲ್ಲಿ ಓದಲು ಇದಕ್ಕಿಂತ ಒಳ್ಳೇದು ಸಿಗಲ್ಲ.

ಮೊದಲು ಮಕ್ಕಳನ್ನು ಅಜ್ಜ ಅಜ್ಜಿಯರ ಹತ್ತಿರ ಕಳಿಸಿ. ದನ ಎಲ್ಲಿ ಮೇಯುತ್ತಿದ್ದವು, ಉರುವಲು ಎಲ್ಲಿಂದ ತರುತ್ತಿದ್ದರು, ಕೇಳಿಕೊಂಡು ಬರಲಿ. ನೀಲಗಿರಿ ಎಲೆಯನ್ನು ದನ ಮೂಸಿ ಬಿಡುತ್ತದೆ. ಆ ಒಂದು ಚಿತ್ರ ಬಂದರೆ ಅರ್ಧ ಪುಸ್ತಕ ಮುಗಿದ ಹಾಗೆ. 12 ಪುಟ ಸಾಕು. ಹಿರೇಮಠರನ್ನಾಗಲಿ ಇನ್ಯಾರನ್ನೇ ಆಗಲಿ ಪ್ರತಿ ಪುಟದಲ್ಲೂ ದೊಡ್ಡದಾಗಿ ಬರೆಸಬೇಡಿ, ಗುಂಪು ಕಾಣಬೇಕು. ಅವರು ಆಡದ ಮಾತನ್ನು ಅವರ ಬಾಯಿಗೆ ಹಾಕಲೂಬೇಡಿ.

ಪ್ರಶ್ನೆ: ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡದ ಬಗ್ಗೆ ಮಾಡಿದರೆ?
– ಓದುಗರು, ಮುಂಡರಗಿ

ಉತ್ತರ: ಖಂಡಿತ ಮಾಡಿ. ಗುಡ್ಡಕ್ಕಿದ್ದ ಸಂರಕ್ಷಿತ ಪಟ್ಟವನ್ನು ಸರ್ಕಾರ ಕಿತ್ತುಕೊಂಡಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಜನರ ಜೊತೆ ಬೀದಿಗೆ ಬಂದರು. 2017ರಲ್ಲಿ ಪಟ್ಟ ಮರಳಿ ಸಿಕ್ಕಿತು, 2019ರಲ್ಲಿ ವನ್ಯಜೀವಿಧಾಮ ಆಯಿತು. ಸ್ವಾಮೀಜಿ ಅಂದ ಕೂಡಲೇ ಮಕ್ಕಳು ತಲೆಯ ಹಿಂದೆ ಪ್ರಭಾವಳಿ ಬರೆಯುತ್ತಾರೆ. ಅದೊಂದನ್ನು ತಡೆದು, ಗುಡ್ಡದ ಔಷಧಿ ಗಿಡಗಳನ್ನು ನೋಡಿಕೊಂಡು ಬಂದು ಬರೆಯಲು ಹೇಳಿ.